ಒಂದೂವರೆ ಮಿಲಿಗ್ರಾಂ

ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳಿಂದ ಇಳಿದು ಬರುವ ಹಳ್ಳದ ನೀರು ಕೆಂಪಗಿರುತ್ತದೆ. ಅದಕ್ಕೆ ಬೊಗಸೆಯೊಡ್ಡಲು ಯಾರೂ ಮುಂದಾಗುವುದಿಲ್ಲ. ಹಂಪಿಯ ಬಂಡೆಗಳನ್ನು ಹೋಲುವ ಕಲ್ಲನ್ನು ಕೊರೆದು ತೆಗೆದ ಕೊಳವೆ ಬಾವಿಯ ನೀರಾದರೋ ಗಾಜಿನಂತೆ ತಿಳಿಯಾಗಿರಬಹುದು. ಕಣ್ಣು ಮೊದಲನೆಯದಕ್ಕೆ ಹೆದರುತ್ತದೆ, ಎರಡನೆಯದನ್ನು ನಂಬುತ್ತದೆ. ರಸಾಯನಶಾಸ್ತ್ರದ ತೀರ್ಪು ಬೇರೆಯೇ ಆಗಿರುವುದುಂಟು. ನೀರಿನಲ್ಲಿ ಕಬ್ಬಿಣಕ್ಕೆ ಇಟ್ಟ ಮಿತಿ ಬಹುಮಟ್ಟಿಗೆ ನಾಲಗೆಯ ರುಚಿಗೆ, ಬಟ್ಟೆಗೆ ಹತ್ತುವ ಕಲೆಗೆ ಸಂಬಂಧಿಸಿದ್ದು. ಬಣ್ಣವಿಲ್ಲದ, ವಾಸನೆಯಿಲ್ಲದ ಫ್ಲೋರೈಡಿಗೆ ಇಟ್ಟ ಮಿತಿ ಹಲ್ಲಿಗೂ ಎಲುಬಿಗೂ ಸಂಬಂಧಿಸಿದ್ದು.

ಬಳ್ಳಾರಿ ಸೀಮೆಗೆ ಈ ಫ್ಲೋರೈಡ್ ಹೊರಗಿನಿಂದ ಬಂದುದಲ್ಲ. ಗ್ರಾನೈಟಿನೊಳಗಿನ ಅಭ್ರಕದಂಥ ಖನಿಜಗಳಲ್ಲಿ ಅದು ಮೊದಲೇ ಇದೆ. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಹಿಡಿದು ಕೆಳಗಿಳಿಸುವ ಸುಣ್ಣದ ಅಂಶ ನೀರಿನಲ್ಲಿ ಕಡಿಮೆಯಾದಷ್ಟೂ ಫ್ಲೋರೈಡ್ ಹೆಚ್ಚು ಉಳಿಯುತ್ತದೆ. ಮಕ್ಕಳ ಹಲ್ಲು ಕಂದುವುದು, ದೊಡ್ಡವರ ಬೆನ್ನು ಬಿಗಿದು ಬಾಗುವುದು ಇದರ ಫಲ. ನೆಲ್ಲೂರಿನ ಕಡೆಯ ಇಂಥ ರೋಗಿಗಳ ವಿಚಾರ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾದದ್ದು 1937ರಲ್ಲಿ. ಆಗ ನಮ್ಮ ಬಳ್ಳಾರಿಯೂ ಅದೇ ಮದ್ರಾಸು ಪ್ರಾಂತಕ್ಕೆ ಸೇರಿತ್ತು.

ಇನ್ನು ಮಿತಿಯನ್ನು ಗೊತ್ತುಮಾಡುವ ಬಗೆಗೆ ಬರೋಣ. ಅನೇಕ ವಿಷವಸ್ತುಗಳಿಗೆ ಶಾಸ್ತ್ರಜ್ಞರು ಅನುಸರಿಸುವ ದಾರಿ ಸರಳ. ಪ್ರಾಣಿಗಳಿಗೆ ಹಾನಿ ಮಾಡದ ಪ್ರಮಾಣವನ್ನು ಕಂಡುಕೊಂಡು, ಅದನ್ನು ನೂರರಿಂದ ಭಾಗಿಸುತ್ತಾರೆ: ಪ್ರಾಣಿಗೂ ಮನುಷ್ಯನಿಗೂ ಇರುವ ಅಂತರಕ್ಕೆ ಹತ್ತು, ಮನುಷ್ಯ ಮನುಷ್ಯರ ನಡುವಣ ಅಂತರಕ್ಕೆ ಇನ್ನೊಂದು ಹತ್ತು. ಫ್ಲೋರೈಡಿಗೆ ಇಂಥ ವಿಶಾಲವಾದ ಅಂಚು ಸಾಧ್ಯವಿಲ್ಲ. ಹಲ್ಲಿಗೆ ಹಿತವೆನಿಸುವ ಪ್ರಮಾಣಕ್ಕೂ ಕೇಡಿನ ಪ್ರಮಾಣಕ್ಕೂ ನಡುವೆ ಇರುವುದು ಕೂದಲೆಳೆಯ ಜಾಗ. ಅಮೆರಿಕದ ದಂತವೈದ್ಯ ಡೀನ್ ಲೀಟರಿಗೆ ಸುಮಾರು 1 ಮಿಲಿಗ್ರಾಂ ಹಿತವೆಂದು ಕಂಡುಕೊಂಡದ್ದು ಇಲಿನಾಯ್, ಇಂಡಿಯಾನ, ಒಹಾಯೊ ಮೊದಲಾದ ಕಡೆಯ ಊರುಗಳಲ್ಲಿ. ಅಲ್ಲಿಯ ಚಳಿಗೆ ಜನ ಎಷ್ಟು ನೀರು ಕುಡಿದಾರು?

ನನ್ನ ತಕರಾರು ಇರುವುದೇ ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 1984ರಲ್ಲಿ ಫ್ಲೋರೈಡಿಗೆ ಲೀಟರಿಗೆ 1.5 ಮಿಲಿಗ್ರಾಂ ಎಂದು ಸೂಚಿಸಿತು. ಅದರ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಬರುವ ಮನುಷ್ಯ 60 ಕಿಲೋ ತೂಗುತ್ತಾನೆ, ದಿನಕ್ಕೆ 2 ಲೀಟರ್ ಕುಡಿಯುತ್ತಾನೆ. ಕಂಪ್ಲಿಯ ಗದ್ದೆಯಲ್ಲಿ ಏಪ್ರಿಲ್ ಬಿಸಿಲಿಗೆ ದುಡಿಯುವ ಹೆಣ್ಣುಮಗಳು ಆ ಮನುಷ್ಯನಲ್ಲ. ಅವಳು 5 ಲೀಟರ್ ಕುಡಿದಳೆನ್ನಿ. ಮಿತಿಯೊಳಗಿನ ನೀರಿನಿಂದಲೇ 7.5 ಮಿಲಿಗ್ರಾಂ ಒಳಗೆ ಹೋಯಿತು. ಆಹಾರ, ಚಹಾ ಎಲ್ಲ ಸೇರಿ ದಿನಕ್ಕೆ 6 ಮಿಲಿಗ್ರಾಂ ದಾಟಿದರೆ ಎಲುಬಿಗೆ ಅಪಾಯ ಹೆಚ್ಚಬಹುದೆಂದು ಅದೇ ಸಂಸ್ಥೆಯ 2002ರ ಪರಿಶೀಲನೆ ಹೇಳುತ್ತದೆ. ಸ್ಥಳೀಯ ಹವಾಮಾನವನ್ನೂ ಕುಡಿಯುವ ನೀರಿನ ಪ್ರಮಾಣವನ್ನೂ ನೋಡಿ ಆಯಾ ದೇಶ ಮಿತಿ ಗೊತ್ತುಮಾಡಿಕೊಳ್ಳಬೇಕೆಂದೂ ಸಂಸ್ಥೆ ಹೇಳಿದೆ. ಆ ಮಾತನ್ನು ಬಿಟ್ಟು ಅಂಕಿಯನ್ನಷ್ಟೇ ಹಿಡಿದುಕೊಂಡವರೇ ಹೆಚ್ಚು.

ಅಮೆರಿಕನ್ನರು ತಮ್ಮ ಮಟ್ಟಿಗೆ ಇದನ್ನು ಬೇಗ ಗ್ರಹಿಸಿದರು. ಅವರ 1962ರ ಮಾನಕದಲ್ಲಿ ಊರಿನ ಸರಾಸರಿ ಗರಿಷ್ಠ ಉಷ್ಣತೆಗೆ ತಕ್ಕಂತೆ ಫ್ಲೋರೈಡಿನ ಮಿತಿ ಬದಲಾಗುತ್ತಿತ್ತು. ತೀರ ಚಳಿಯ ಊರಿಗೆ 1.7ರವರೆಗೆ ಸಲ್ಲುವುದು, ಅತಿ ಬಿಸಿಯ ಊರಿಗೆ 0.8ಕ್ಕೆ ನಿಲ್ಲಬೇಕು. ನಮ್ಮ ಭಾರತೀಯ ಮಾನಕಕ್ಕೆ ಹಿಮಾಲಯದ ತಪ್ಪಲೂ ಹೊಸಪೇಟೆಯೂ ಒಂದೇ: ಸ್ವೀಕಾರಾರ್ಹ ಮಿತಿ 1 ಮಿಲಿಗ್ರಾಂ; ಬೇರೆ ಜಲಮೂಲವಿಲ್ಲದಿದ್ದರೆ 1.5. ಬೇರೆ ಮೂಲವಿಲ್ಲದವರು ಯಾರು? ಕಾಲುವೆ ಮುಟ್ಟದ ಮೇಲ್ನೆಲದ ಹಳ್ಳಿಯವರು, ವರ್ಷವಿಡೀ ಅದೊಂದೇ ನೀರು ಕುಡಿಯುವವರು. ಹೆಚ್ಚು ರಕ್ಷಣೆ ಬೇಕಾದವರಿಗೇ ಮಿತಿಯನ್ನು ಸಡಿಲಿಸಿದ ಈ ಔದಾರ್ಯ ನನಗೆ ವಿಚಿತ್ರವಾಗಿ ತೋರುತ್ತದೆ. ಮಿತಿ ಬಿಗಿಮಾಡಿದರೆ ಎಷ್ಟೋ ಬಾವಿಗಳನ್ನು ಮುಚ್ಚಬೇಕಾದೀತು, ಒಂದು ತೊಟ್ಟೂ ಇಲ್ಲದಿರುವುದಕ್ಕಿಂತ ಇದು ಮೇಲು ಎಂಬ ವಾದವುಂಟು. ತಳ್ಳಿಹಾಕುವ ವಾದವಲ್ಲ. ಆದರೆ ಅದು ಖಜಾನೆಯ ವಾದ, ಎಲುಬಿನ ವಾದವಲ್ಲ.

ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುವಷ್ಟರ ಮಟ್ಟಿಗೆ ಉಳಿದುದರಲ್ಲಿ ಅದರ ಸಾಂದ್ರತೆ ಏರುತ್ತದೆ. ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಲೀಟರಿಗೆ 2 ಮಿಲಿಗ್ರಾಂ ಇರುವ ಬಾವಿಯ ನೀರಿಗೆ 0.4 ಇರುವ, ಶುದ್ಧೀಕರಿಸಿದ ಹೊಳೆಯ ನೀರನ್ನು ಸಮಸಮವಾಗಿ ಬೆರೆಸಿದರೆ 1.2 ಆಗುತ್ತದೆ, ಒಂದು ಪಾಲಿಗೆ ಮೂರು ಪಾಲು ಬೆರೆಸಿದರೆ 0.8. ಹೊಸಪೇಟೆಯ ಅಣೆಕಟ್ಟೆಯಲ್ಲಿ 1953ರಿಂದ ತುಂಗಭದ್ರೆ ನಿಂತಿದೆ. ಅಲ್ಲಿಂದ ಮೇಲ್ನೆಲದ ಹಳ್ಳಿಗೆ ಕೊಳವೆ ಎಳೆಯುವಾಗ ಯಾವ ಪಾಲಿನಲ್ಲಿ ಬೆರೆಸಬೇಕೆಂಬುದನ್ನು ಮೇ ತಿಂಗಳ ಬಾಯಾರಿಕೆಯನ್ನು ಅಳೆದು ಗೊತ್ತುಮಾಡಬೇಕಾಗುತ್ತದೆ.