ಜರ್ಮನ್ ಅರಸರ ನಾಗರಿಕ ಪದಕಗಳು

ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಕೂಡಿಡುವ ಹವ್ಯಾಸ ನಮಗೆ ಹೊಸದಲ್ಲ. ಅದೇ ಜಾತಿಗೆ ಸೇರಿದ ಇನ್ನೊಂದು ಹವ್ಯಾಸ ಯೂರೋಪಿನಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಅದು ಪದಕಗಳ ಸಂಗ್ರಹ. ಜರ್ಮನಿಯ ಪದಕವೆಂದೊಡನೆ ಯುದ್ಧದ ಕಬ್ಬಿಣದ ಶಿಲುಬೆಯೇ ಅನೇಕರ ಕಣ್ಣಿಗೆ ಕಟ್ಟುತ್ತದೆ. ಆದರೆ ಅಲ್ಲಿನ ಅರಸರು ಕತ್ತಿ ಹಿಡಿಯದ ಜನರನ್ನೂ ಮರೆತಿರಲಿಲ್ಲ. ಪಂಡಿತರು, ಶಾಲೆಯ ಮೇಷ್ಟರು, ಸೂಲಗಿತ್ತಿಯರು, ಮನೆಗೆಲಸದವರು, ಇಂಥವರ ಎದೆಯನ್ನೂ ಅವರು ಸಿಂಗರಿಸಿದ್ದುಂಟು. ಆ ಪದಕಗಳ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು.

1871ರಲ್ಲಿ ಜರ್ಮನಿ ಒಂದೇ ಸಾಮ್ರಾಜ್ಯವಾದರೂ ಅದರೊಳಗೆ ಪ್ರಷ್ಯ, ಬವೇರಿಯ, ಸ್ಯಾಕ್ಸನಿ, ವುರ್ಟೆಂಬರ್ಗ್ ಎಂಬ ನಾಲ್ಕು ರಾಜ್ಯಗಳೂ ಹಲವಾರು ಸಣ್ಣ ಸಂಸ್ಥಾನಗಳೂ ಉಳಿದುಕೊಂಡಿದ್ದುವು. ಅರಸರು ಹಲವರು, ಅವರವರ ಪದಕಗಳೂ ಬೇರೆಬೇರೆ. ಸಂಗ್ರಾಹಕನಿಗೆ ಸುಗ್ಗಿಯೇ ಸರಿ.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಪ್ರಷ್ಯದ 'ಪೂರ್ ಲ ಮೆರಿಟ್'. 'ಯೋಗ್ಯತೆಗಾಗಿ' ಎಂದು ಅದರ ಅರ್ಥ. 1740ರಲ್ಲಿ ಎರಡನೆಯ ಫ್ರೆಡರಿಕ್ ಇದನ್ನು ಸ್ಥಾಪಿಸಿದಾಗ ಅವನ ಆಸ್ಥಾನದ ಭಾಷೆ ಫ್ರೆಂಚ್. ಆದ್ದರಿಂದಲೇ ಆ ಹೆಸರು. 1842ರಲ್ಲಿ ನಾಲ್ಕನೆಯ ಫ್ರೆಡರಿಕ್ ವಿಲಿಯಂ ದೊರೆ ವಿಜ್ಞಾನ ಮತ್ತು ಕಲೆಗಳಿಗಾಗಿ ಇದರ ನಾಗರಿಕ ಶಾಖೆಯನ್ನು ತೆರೆದನು. ಅದರ ಮೊದಲ ಅಧ್ಯಕ್ಷ ಅಲೆಕ್ಸಾಂಡರ್ ಹಂಬೋಲ್ಟ್. ಜರ್ಮನ್ ಸದಸ್ಯರು ಮೂವತ್ತೇ ಮಂದಿ ಎಂದು ನಿಯಮ. ಗಣಿತಜ್ಞ ಗೌಸ್, ಸಂಗೀತಗಾರ ಮೆಂಡೆಲ್ಸನ್, ಕಥೆಗಳನ್ನು ಕೂಡಿಸಿದ ಯಾಕೋಬ್ ಗ್ರಿಮ್, ಸಂಸ್ಕೃತವನ್ನು ಯೂರೋಪಿನ ಭಾಷೆಗಳೊಡನೆ ತೂಗಿ ನೋಡಿದ ಫ್ರಾನ್ಸ್ ಬಾಪ್, ಇವರೆಲ್ಲ ಮೊದಲ ಪಂಕ್ತಿಯವರು. ಋಗ್ವೇದವನ್ನು ಸಂಪಾದಿಸಿದ ಮ್ಯಾಕ್ಸ್ ಮುಲ್ಲರನಿಗೆ ಈ ಗೌರವ ಸಂದದ್ದು 1874ರಲ್ಲಿ. 1918ರಲ್ಲಿ ಅರಸೊತ್ತಿಗೆ ಅಳಿದರೂ ಪಂಡಿತರ ಕೂಟ ಅಳಿಯಲಿಲ್ಲ. 1923ರಲ್ಲಿ ಐನ್‌ಸ್ಟೈನ್ ಅದನ್ನು ಸೇರಿದರು. 1933ರಲ್ಲಿ ಹಿಟ್ಲರನ ಆಳ್ವಿಕೆ ಬಂದಾಗ ಬಿಟ್ಟರು. ಯುದ್ಧವಾದ ಮೇಲೆ ಮರಳಿ ಕರೆದಾಗ ಒಪ್ಪಲಿಲ್ಲ. 1952ರಲ್ಲಿ ಪುನರುಜ್ಜೀವನಗೊಂಡ ಆ ಕೂಟ ಇಂದಿಗೂ ಇದೆ.

ಸ್ತ್ರೀಯರಿಗೆಂದೇ ಇದ್ದದ್ದು ಲೂಯಿಸಾ ಪದವಿ. ತೀರಿಕೊಂಡ ರಾಣಿ ಲೂಯಿಸಾಳ ನೆನಪಿಗಾಗಿ 1814ರಲ್ಲಿ ಆಕೆಯ ಪತಿ ಮೂರನೆಯ ಫ್ರೆಡರಿಕ್ ವಿಲಿಯಂ ಇದನ್ನು ಸ್ಥಾಪಿಸಿದನು. ನೆಪೋಲಿಯನ್ನನ ವಿರುದ್ಧ ನಡೆದ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ ಸ್ತ್ರೀಯರಿಗೆ ಇದು ಮೀಸಲು. ಸಂಖ್ಯೆ ನೂರನ್ನು ಮೀರುವಂತಿರಲಿಲ್ಲ. ಕಪ್ಪು ಎನಾಮೆಲಿನ ಪುಟ್ಟ ಶಿಲುಬೆ, ನಡುವೆ ಆಕಾಶನೀಲಿ, ಅದರಲ್ಲಿ ರಾಣಿಯ ಹೆಸರಿನ ಮೊದಲಕ್ಷರ, ಸುತ್ತ ಏಳು ನಕ್ಷತ್ರ. ನೋಡಲು ಬಹು ಸೊಗಸು.

1833ರ ಪ್ರಾಣರಕ್ಷಣೆಯ ಪದಕದ್ದು ಇನ್ನೊಂದು ಕಥೆ. 1842ರಲ್ಲಿ ಬಿಸ್ಮಾರ್ಕ್ ಎಂಬ ತರುಣ ಜಮೀನ್ದಾರ, ನೀರಿನಲ್ಲಿ ಮುಳುಗುತ್ತಿದ್ದ ತನ್ನ ಕುದುರೆಯಾಳನ್ನು ಹಾರಿ ಎಳೆದು ತಂದನು. ಅದಕ್ಕಾಗಿ ದೊರೆತದ್ದು ಈ ಬೆಳ್ಳಿಯ ಪದಕ. ಮುಂದೆ ಅವನು ಸಾಮ್ರಾಜ್ಯದ ಮಹಾಮಂತ್ರಿಯಾದ. ಪದವಿಗಳು ಎದೆ ತುಂಬ ಬಂದುವು. ಆದರೂ ಈ ಸಣ್ಣ ಪದಕದ ಮೇಲಿನ ಅವನ ಅಭಿಮಾನ ತಗ್ಗಲಿಲ್ಲ.

ಹಾಗೆಂದು ಈ ಏರ್ಪಾಡಿನಲ್ಲಿ ಎಲ್ಲರೂ ಸಮಾನರೆಂದು ತಿಳಿಯಬೇಡಿ. ಕೆಂಪು ಹದ್ದಿನ ಪದವಿಯಲ್ಲಿ ಹಲವು ತರಗತಿಗಳಿದ್ದುವು. ಯಾರಿಗೆ ಯಾವ ತರಗತಿ ಎಂಬುದನ್ನು ಕೆಲಸಕ್ಕಿಂತ ಹೆಚ್ಚಾಗಿ ಅವರ ಅಂತಸ್ತೇ ನಿರ್ಣಯಿಸುತ್ತಿತ್ತು. ಕೆಳಗಿನ ನೌಕರನಿಗೆ ಬೇರೆಯೇ ಒಂದು ಸಾಮಾನ್ಯ ಪದಕ. ನಿವೃತ್ತನಾಗುವ ಶಾಲಾ ಮೇಷ್ಟರಿಗೆ ಹೋಹೆನ್‌ಜೊಲೆರ್ನ್ ಮನೆತನದ ಹದ್ದು. ಒಂದೇ ಮನೆಯಲ್ಲಿ 40 ವರ್ಷ ದುಡಿದ ಕೆಲಸದಾಕೆಗೆ ಸಾಮ್ರಾಜ್ಞಿಯ ಹೆಸರಿನಲ್ಲಿ ಒಂದು ಚಿನ್ನದ ಶಿಲುಬೆ. ನಾಲ್ವತ್ತು ವರ್ಷದ ಪಾತ್ರೆ, ಬಟ್ಟೆ, ಒಲೆ! ಆ ಶಿಲುಬೆಯನ್ನು ಕೈಯಲ್ಲಿ ಹಿಡಿದಾಗ ರಾಣಿಗಿಂತ ಆ ಹೆಂಗಸಿನ ನೆನಪಾಗಬೇಕಾದದ್ದು ನ್ಯಾಯವಲ್ಲವೇ?

ಇನ್ನು ಪದಕವನ್ನು ಗುರುತಿಸುವ ಬಗೆ. ಕೆಂಪು ಹದ್ದಿನಂಥ ಪದವಿಗಳನ್ನು ರಣರಂಗದ ಸಾಹಸಕ್ಕೆ ಕೊಟ್ಟಾಗ ಎರಡು ಕತ್ತಿಗಳನ್ನು ಅಡ್ಡಡ್ಡಲಾಗಿ ಸೇರಿಸುತ್ತಿದ್ದರು. ಕತ್ತಿಯಿಲ್ಲದಿದ್ದರೆ ಸಾಮಾನ್ಯವಾಗಿ ನಾಗರಿಕ ಸೇವೆಯದು. ಮೊದಲನೆಯ ಮಹಾಯುದ್ಧದಲ್ಲಿ ಚಿನ್ನಕ್ಕೆ ಅಭಾವ ಬಂದು, ಚಿನ್ನದ ಪದಕಗಳ ಜಾಗಕ್ಕೆ ಚಿನ್ನದ ನೀರು ಕೊಟ್ಟ ಬೆಳ್ಳಿಯವು ಬಂದುವು. ಬರ್ಲಿನ್ನಿನ ಗೋಡೆ, ವಾಗ್ನರ್ ಮೊದಲಾದ ಅಕ್ಕಸಾಲೆಗಳ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಬಹುದು. ನೇರಳಾತೀತ ದೀಪದಡಿಯಲ್ಲಿ ರಿಬ್ಬನ್ನು ಬೆಳ್ಳಗೆ ಹೊಳೆದರೆ ಅನುಮಾನಪಡಿ. ಹಾಗೆ ಹೊಳೆಯಿಸುವ ರಾಸಾಯನಿಕ ಬಳಕೆಗೆ ಬಂದದ್ದು ಅರಸರ ಕಾಲ ಮುಗಿದ ಮೇಲೆ.

ಆದರೆ ಮುದ್ರೆ, ಲೋಹ ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ: ಪದಕದೊಡನೆ ಬಂದ ಸನ್ನದು. ಈ ಪದಕಗಳಲ್ಲಿ ಬಹುಪಾಲಿನ ಮೇಲೆ ಪಡೆದವರ ಹೆಸರನ್ನು ಕೆತ್ತುತ್ತಿರಲಿಲ್ಲ. ಹೆಸರು, ಊರು, ಉದ್ಯೋಗ ಎಲ್ಲವೂ ಇದ್ದದ್ದು ಆ ಒಂದು ಹಾಳೆಯಲ್ಲಿ. ವ್ಯಾಪಾರಿ ಪದಕವನ್ನು ಒಬ್ಬರಿಗೂ ಸನ್ನದನ್ನು ಇನ್ನೊಬ್ಬರಿಗೂ ಮಾರಿದರೆ ಎರಡು ಕಾಸು ಹೆಚ್ಚು ಬಂದೀತು. ಒಬ್ಬನ ಪದಕಗಳನ್ನೆಲ್ಲ ಸಾಲಾಗಿ ಹೊಲಿದ ಪಟ್ಟಿಯನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುವುದೂ ಹೀಗೆಯೇ. ಆದರೆ ಅಲ್ಲಿಗೆ ಒಂದು ಬಾಳಿನ ಕಥೆ ಹರಿದು ಹೋಯಿತು. ಐನ್‌ಸ್ಟೈನರ ಹೆಸರು ನೂರು ಪುಸ್ತಕಗಳಲ್ಲಿ ಉಳಿದೀತು. ಕೆಲಸದಾಕೆಯ ಹೆಸರು ಉಳಿಯುವುದು ಆ ಕಾಗದವೊಂದರಲ್ಲಿಯೇ.

ಆದ್ದರಿಂದ ಒಳ್ಳೆಯ ಸಂಗ್ರಾಹಕನು ಪದಕವನ್ನು ತಿಕ್ಕಿ ಬೆಳಗುವುದಕ್ಕೆ ಮೊದಲು ಅದರ ಕಾಗದವನ್ನು ಹುಡುಕುತ್ತಾನೆ. ಜೊತೆಗೂಡಿ ಬಂದದ್ದನ್ನು ಅಗಲಿಸುವುದಿಲ್ಲ. ಕೊಟ್ಟ ಅರಸರು ಹೋದರು, ಅವರ ರಾಜ್ಯಗಳೂ ಹೋದುವು. ಪಡೆದವರ ಹೆಸರನ್ನಾದರೂ ಉಳಿಸುವುದು ಈ ಹವ್ಯಾಸದ ನಿಜವಾದ ಸಾರ್ಥಕ್ಯ.