ಥರ್ಮಾಕೋಲ್ ಹೆಸರಿನ ಹುಡುಗಿ ಕೂಗಿದ್ದು

(ಕಾಪುವಿನಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಮುಂದೆ ಆಡಿದ ಮಾತು)



ವರದಕ್ಷಿಣೆಯ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿರಿ. ನಾನು ಒಂದು ಗ್ರಾಮಫೋನ್ ತಟ್ಟೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಕೋಪ ಬೇಡ, ದಾರಿ ಸ್ವಲ್ಪ ಸುತ್ತಾದರೂ ಬಂದು ಸೇರುವುದು ಅಲ್ಲಿಗೇ.

ಮಣಿಪಾಲದಲ್ಲಿ ಓದುವ ನನ್ನ ತಮ್ಮನ ಮಗಳು ಆದಿತ್ಯವಾರ ಉಡುಪಿಯ ನನ್ನ ಮನೆಗೆ ಊಟಕ್ಕೆ ಬರುತ್ತಾಳೆ. ಒಂದು ದಿನ ಮೊಬೈಲಿನಲ್ಲಿ ಒಂದು ಹಾಡು ಹಾಕಿದಳು. ಹಾಡೋ, ಕಿರುಚಾಟವೋ! "ಇದೇನು ಮಾರಾಯ್ತಿ, ಗ್ರೈಂಡರಿಗೆ ಕಲ್ಲು ಬಿದ್ದ ಹಾಗೆ, ನಿಲ್ಲಿಸು" ಎಂದೆ. "ಅತ್ತೆ, ನೀವು ಇಂಗ್ಲಿಷ್ ಕಲಿಸಿದವರಲ್ವಾ, ಮಾತು ಕೇಳಿ ನೋಡಿ" ಎಂದಳು. ಕೇಳಿದೆ. ಆಮೇಲೆ ನಾನೇ ಇನ್ನೊಮ್ಮೆ ಹಾಕು ಎಂದೆ.

ಹಾಡಿದವಳ ಹೆಸರು ಪಾಲಿ ಸ್ಟೈರೀನ್. ಪಾಲಿಸ್ಟೈರೀನ್ ಅಂದರೆ ನಮ್ಮ ಥರ್ಮಾಕೋಲ್. ಮೀನಿಗೆ ಐಸ್ ಹಾಕಿ ಕಳಿಸುವ ಪೆಟ್ಟಿಗೆ, ಮದುವೆ ಮಂಟಪಕ್ಕೆ ಅಂಟಿಸುವ ಹೂವು, ಎಲ್ಲ ಅದೇ. 1957ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಹುಡುಗಿಯ ಅಪ್ಪ ಸೊಮಾಲಿಯಾದವನು, ತಾಯಿ ಬಿಳಿಯಳು. ಬೆಳೆದದ್ದು ಲಂಡನ್ನಿನಲ್ಲಿ. ಟೆಲಿಫೋನ್ ಡೈರೆಕ್ಟರಿಯಲ್ಲಿ ಹುಡುಕಿ ಅವಳೇ ಈ ಪ್ಲಾಸ್ಟಿಕ್ ಹೆಸರು ಇಟ್ಟುಕೊಂಡಳು. ನೀವು ನನ್ನನ್ನು ಮಾರುವ ಸಾಮಾನು ಮಾಡುತ್ತೀರಿ ಅಂತಾದರೆ ಹೆಸರೂ ಹಾಗೇ ಇರಲಿ ಎಂಬ ಅಣಕ ಅದು. ಹಲ್ಲಿಗೆ ತಂತಿ ಕಟ್ಟಿಕೊಂಡೇ ವೇದಿಕೆ ಹತ್ತಿದಳು. ಚೆಂದ ಕಾಣಬೇಕೆಂಬ ಹಂಗು ಅವಳಿಗಿರಲಿಲ್ಲ.

ಆಗ ಅಲ್ಲಿ ಪಂಕ್ ರಾಕ್ ಎಂಬ ಸಂಗೀತ ಹುಟ್ಟಿತ್ತು. ಕೆಲಸವಿಲ್ಲದ ಹುಡುಗರು ಗಿಟಾರ್ ಸರಿಯಾಗಿ ಕಲಿಯುವ ಮೊದಲೇ ಸಿಟ್ಟನ್ನೆಲ್ಲ ಅದರಲ್ಲಿ ಬಾರಿಸುತ್ತಿದ್ದರು. ಅವರ ನಡುವೆ ಇವಳು ಎಕ್ಸ್-ರೇ ಸ್ಪೆಕ್ಸ್ ಎಂಬ ತಂಡ ಕಟ್ಟಿದಳು. 1977ರಲ್ಲಿ ತಂಡದ ಮೊದಲ ಹಾಡು ಬಂತು, ಬಂಧನಕ್ಕೆ ಧಿಕ್ಕಾರ ಎನ್ನುವಂಥದ್ದು. ಹೆಣ್ಣುಮಕ್ಕಳು ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬಾರದು ಎಂಬ ಆ ದೇಶದ ಹಳೆಯ ಬುದ್ಧಿವಾದವನ್ನು ಎತ್ತಿಕೊಂಡು ಅದರ ಮೇಲೇ ಕೂಗುತ್ತಾಳೆ. 1978ರಲ್ಲಿ ಇಡೀ ಆಲ್ಬಮ್ ಬಂತು, 'ಜರ್ಮ್‌ಫ್ರೀ ಅಡಾಲಸೆಂಟ್ಸ್'. ಅದೇ ವರ್ಷ ನಮ್ಮಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂದಿತ್ತು. ನಾನು ಅದನ್ನು ಗುನುಗುತ್ತ ಕಾಲೇಜಿಗೆ ಹೋಗುತ್ತಿದ್ದ ಕಾಲ.

ಈ ಆಲ್ಬಮಿನ ತುಂಬ ಇರುವುದು ಸಾಮಾನು. ಪ್ಲಾಸ್ಟಿಕ್ಕು, ಅಂಗಡಿ, ಜಾಹೀರಾತು, ಎಷ್ಟು ತೊಳೆದರೂ ಸಾಲದೆಂಬ ಸ್ವಚ್ಛತೆಯ ಹುಚ್ಚು, ಕನ್ನಡಿಯಲ್ಲೂ ಟೀವಿಯಲ್ಲೂ ತನ್ನನ್ನು ಹುಡುಕಿಕೊಳ್ಳುವ ಹುಡುಗಿ. ಹೆಣ್ಣಿನ ಬಾಯಿ ಕಟ್ಟುವ ಹಗ್ಗ ಮತ್ತು ಅಂಗಡಿಯವನ ಹಗ್ಗ ಬೇರೆಬೇರೆಯಲ್ಲ ಎಂದು ಇಪ್ಪತ್ತೊಂದು ವರ್ಷದವಳಿಗೆ ಹೊಳೆದಿತ್ತು. ನಮಗೆ ಹೊಳೆಯಲಿಲ್ಲವೇ? 1961ರಲ್ಲೇ ಕಾನೂನು ವರದಕ್ಷಿಣೆಯನ್ನು ನಿಷೇಧಿಸಿತು. ನಾವು ಅದನ್ನು ಉಡುಗೊರೆ ಎಂದು ಕರೆದೆವು. ಚಿನ್ನ ಇಷ್ಟು, ಹಾಲ್ ದೊಡ್ಡದು, ಹುಡುಗನಿಗೆ ಕಾರು. ಸಾಲದ ಅರ್ಜಿಯಲ್ಲಿ ಮನೆ ರಿಪೇರಿ ಎಂದು ಬರೆದು ಮಗಳ ಮದುವೆಗೆ ಹಣ ಎತ್ತುವುದು ಇಲ್ಲಿ ಕೂತ ಯಾರಿಗೆ ಗೊತ್ತಿಲ್ಲ ಹೇಳಿ. ವಾರವಾರ ಕಂತು ಕಟ್ಟುವವಳು ತಾಯಿ. ಪೆಟ್ಟು ತಿನ್ನುವವಳು ಮಗಳು, ಸಾಮಾನು ಸಾಲದು ಅಂತ.

ಆ ಹುಡುಗಿಯ ಮುಂದಿನ ಕಥೆಯನ್ನೂ ಹೇಳಬೇಕು. ಒಂದು ಕಾರ್ಯಕ್ರಮ ಮುಗಿದ ಮೇಲೆ ಆಕಾಶದಲ್ಲಿ ಗುಲಾಬಿ ಬಣ್ಣದ ಬೆಳಕು ಕಂಡೆ ಎಂದಳು. ಆಸ್ಪತ್ರೆಗೆ ಸೇರಿಸಿದರು, ಸ್ಕಿಜೋಫ್ರೇನಿಯಾ ಎಂದರು. ಅದು ತಪ್ಪು, ಬೈಪೋಲಾರ್ ಎಂಬ ಬೇರೆ ಕಾಯಿಲೆ ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಕಾಯಿಲೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ದನಿ ಎತ್ತಿದವಳಿಗೆ ತಲೆ ಸರಿಯಿಲ್ಲ ಎನ್ನುವ ಮಾತು ನಮ್ಮ ಮನೆಗಳಲ್ಲಿ ಎಷ್ಟು ಬೇಗ ಬರುತ್ತದೆ, ಅದಕ್ಕೆ ಡಾಕ್ಟರೂ ಬೇಕಾಗುವುದಿಲ್ಲ. ತಂಡ 1979ರಲ್ಲಿ ಒಡೆಯಿತು. ಅವಳು ಹರೇ ಕೃಷ್ಣ ಪಂಥ ಸೇರಿದಳು. ಉಡುಪಿಯವಳಾದ ನನಗೆ ಇದನ್ನು ಕೇಳಿ ನಗುವೂ ಬಂತು; ಅಷ್ಟು ದೂರದವಳು ಕೊನೆಗೆ ನಮ್ಮ ಕೃಷ್ಣನ ಕಡೆಗೇ ಬಂದಳಲ್ಲ! 2011ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. 2021ರಲ್ಲಿ ಮಗಳೇ ಅವಳ ಬಗ್ಗೆ ಚಿತ್ರ ಮಾಡಿದಳು.

ತಂಡ ಒಡೆಯುವ ಮೊದಲು ಬಂದ ಆಲ್ಬಮ್ ಒಂದೇ. ಆದರೆ 1990ರ ದಶಕದ ಮೊದಲಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ರಯಟ್ ಗರ್ಲ್ ಎಂಬ ಚಳವಳಿ ಕಟ್ಟಿದ ಹುಡುಗಿಯರಿಗೆ ಇವಳೇ ಹಿರಿಯಕ್ಕ. ಅತ್ಯಾಚಾರದ ಬಗ್ಗೆ, ಮನೆಯೊಳಗಿನ ಹಿಂಸೆಯ ಬಗ್ಗೆ ಅವರು ಹಾಡಿದರು. ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿದ ಪುಟ್ಟ ಪತ್ರಿಕೆಗಳನ್ನು ಹಂಚಿದರು, ನಮ್ಮ ಈ ಪತ್ರಿಕೆಯ ಬಡ ತಂಗಿಯರು ಅನ್ನಿ. ಬಿಕಿನಿ ಕಿಲ್ ತಂಡದ ಕ್ಯಾಥ್ಲೀನ್ ಹ್ಯಾನಾ ಕಾರ್ಯಕ್ರಮ ಶುರುವಾಗುವಾಗ ಗಂಡಸರು ಹಿಂದೆ ಸರಿಯಲಿ, ಹುಡುಗಿಯರು ಮುಂದೆ ಬರಲಿ ಎನ್ನುತ್ತಿದ್ದಳು. ನಮ್ಮ ಸಭೆಗಳ ಮುಂದಿನ ಸಾಲಿನ ಕುರ್ಚಿ ನೆನಪಾಯಿತು.

ಹಾಗೆಂದು ಹೆಣ್ಣಿನ ದನಿ ಲಂಡನ್ನಿನಿಂದ ಬರಬೇಕಾಗಿಲ್ಲ. ಗದ್ದೆಯಲ್ಲಿ ನೇಜಿ ನೆಡುವಾಗ ಓಬೇಲೆ ಹೇಳಿದ ನಿಮ್ಮ ಅಜ್ಜಿಯ ದನಿ ಎರಡು ಗದ್ದೆ ದಾಟುತ್ತಿತ್ತು. ಗಂಡ ಕಾಂತು ಪೂಂಜ ಸೀಮಂತದ ಸೀರೆಯನ್ನು ಮೊದಲು ಸೂಳೆಗೆ ತೋರಿಸಿದ ಎಂದು ತಿಳಿದು ಆ ಸೀರೆ ಬೇಡವೆಂದು, ಕೊನೆಗೆ ಗಂಡನನ್ನೇ ಬಿಟ್ಟು ಹೊರಟವಳು ನಮ್ಮ ಪಾಡ್ದನದ ಸಿರಿ. ಹಿರಿಯಡ್ಕದಲ್ಲಿ, ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ, ಸಿರಿ ಜಾತ್ರೆಯ ರಾತ್ರಿ ಹೆಂಗಸರು ಸಿರಿಯಾಗಿ ಅಳುತ್ತಾರೆ, ಕೂಗುತ್ತಾರೆ. ಆಗ ಎಲ್ಲರೂ ಕೈಮುಗಿದು ಕೇಳುತ್ತಾರೆ. ಮರುದಿನ ಅದೇ ಹೆಂಗಸು ಅಡುಗೆಮನೆಯಲ್ಲಿ ಅದೇ ಮಾತು ಹೇಳಿದರೆ ಕೇಳುವವರಿಲ್ಲ.

ನಾನೂ ಕೇಳದವರಲ್ಲಿ ಒಬ್ಬಳು. ತೊಂಬತ್ತರ ದಶಕದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಸೆರಗು ಸರಿಸಿ ತೋಳು ತೋರಿಸಿದಳು. ಮಾತು ಜೋರಾಯಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾನು ಮೊದಲು ಹೇಳಿದ್ದು "ಮೆಲ್ಲಗೆ ಮಾತಾಡು" ಎಂದು. ಆಮೇಲೆ "ಸ್ವಲ್ಪ ಹೊಂದಿಕೊಂಡು ನೋಡು" ಎಂದೆ. ಬೆಲ್ ಆಯಿತು, ಕ್ಲಾಸಿಗೆ ಹೋದೆ. ಅವಳು ಮತ್ತೆ ಬರಲಿಲ್ಲ. ಆ ಹಾಡನ್ನು ಎರಡನೇ ಸಲ ಹಾಕಿಸಿಕೊಂಡಾಗ ನನಗೆ ಕೇಳಿಸಿದ್ದು ಅವಳ ದನಿ.

ತಮ್ಮನ ಮಗಳು ಅಲ್ಲಿ ಹಿಂದೆ ಬಾಗಿಲ ಹತ್ತಿರ ಕೂತಿದ್ದಾಳೆ, ಮೊಬೈಲ್ ತಂದಿದ್ದಾಳೆ. ಚಾ ಕುಡಿದ ಮೇಲೆ ಮೈಕಿಗೆ ಹಿಡಿದು ಆ ಹಾಡು ಹಾಕುತ್ತಾಳಂತೆ. ಕಿವಿಗೆ ಕಷ್ಟವಾದೀತು. ಆಮೇಲೆ ಮೈಕು ಇಲ್ಲೇ ಇರುತ್ತದೆ. ಓಬೇಲೆ ಬರುವವರು ಮುಂದೆ ಬನ್ನಿ. ಬೇರೆ ಏನಾದರೂ ಹೇಳುವುದಿದ್ದವರೂ ಬನ್ನಿ, ಮೆಲ್ಲಗೆ ಮಾತಾಡಬೇಕಾಗಿಲ್ಲ.