ಮಹಾಸಭೆಯ ಹಾಜರಾತಿ ಮತ್ತು ಗಣಕಯಂತ್ರ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಂಥ ದಿನ ದೊಡ್ಡ ವಿಷಯ ಮಾತಾಡಿ ಅಂತ ಕೆಲವರು ಹೇಳಿದರು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆಯನ್ನು ನಮಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ. ನಾವು ಹೇಳಹೊರಟಿರುವುದು ಮಹಾಸಭೆಯ ದಿನ ಬಾಗಿಲ ಬಳಿ ಮೇಜಿನ ಮೇಲಿಡುವ ಹಾಜರಾತಿ ಪುಸ್ತಕದ ವಿಚಾರ.

ಅದೇನು ಮಹಾ ಅನ್ನಬೇಡಿ. ನಮ್ಮ ರಾಜ್ಯದ ಸಹಕಾರ ಕಾಯ್ದೆ ಮಹಾಸಭೆಯ ಹಾಜರಾತಿಗೂ ಮತದಾನದ ಹಕ್ಕಿಗೂ ಗಂಟು ಹಾಕಿತ್ತು. ಪದೇ ಪದೇ ಗೈರಾದವರು ಮತ ಹಾಕುವ ಹಕ್ಕು ಕಳೆದುಕೊಳ್ಳುತ್ತಿದ್ದರು. ಬಂದೂ ಸಹ ಪುಸ್ತಕದಲ್ಲಿ ಗುರುತು ಸಿಗದಿದ್ದರೆ ಅವರದೂ ಅದೇ ಗತಿಯಾಗುತ್ತಿತ್ತು.

ಹಾಗೆ ಆಯಿತು ಕೂಡ. ಪ್ರತಿವರ್ಷ ಮುಂದಿನ ಸಾಲಲ್ಲೇ ಕೂರುವ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತಿದ್ದರು. ಪಕ್ಕದಲ್ಲಿ ಯಾರೋ ಹೆಸರು ಬರೆದಿದ್ದರು. ಆ ಹೆಸರಿನವರು ಊರಲ್ಲಿ ನಾಲ್ಕು ಜನ. ಸದಸ್ಯತ್ವ ಸಂಖ್ಯೆ ಬರೆದಿರಲಿಲ್ಲ. ಚುನಾವಣೆಯ ಕರಡು ಪಟ್ಟಿ ಬಂದಾಗ ಅಜ್ಜಿಯ ಹೆಸರಿನ ಮುಂದೆ "ಗೈರು" ಅಂತಿತ್ತು. "ನಾನು ಬಂದಿದ್ದನ್ನ ನೀವೇ ಕಂಡಿದ್ದೀರಲ್ಲಪ್ಪಾ, ಕಾಗದ ಕಾಣಲಿಲ್ವಾ?" ಅಂತ ಕೇಳಿದರು. ಉತ್ತರ ಕೊಡಲಾಗದೆ ನಾವು ತಲೆ ತಗ್ಗಿಸಿದೆವು. ಹಳೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಿ ಅದನ್ನು ಸರಿಪಡಿಸಲು ಎರಡು ದಿನ ಬೇಕಾಯಿತು.

ಕೇಂದ್ರ ಸರ್ಕಾರ 2022ರಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಾಲ, ಠೇವಣಿಯ ಲೆಕ್ಕಕ್ಕೆ ಅಂಥ ದೊಡ್ಡ ತಂತ್ರಾಂಶ ಬೇಕು. ಹಾಜರಾತಿಗೆ ಎಕ್ಸೆಲ್ ಹಾಳೆಯೊಂದು ಸಾಕು ಅಂತ ನಾವು ತೀರ್ಮಾನಿಸಿದೆವು.

ಅದರಲ್ಲಿ ಎರಡು ಹಾಳೆ ಮಾಡಿದೆವು. ಒಂದರಲ್ಲಿ ಸದಸ್ಯತ್ವ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಊರು. ಇನ್ನೊಂದು ಸಭೆಯ ದಿನದ್ದು. ಬಂದವರ ಸಂಖ್ಯೆ ಒತ್ತಿದರೆ ವಿಲುಕಪ್ ಎಂಬ ಸೂತ್ರ ಮೊದಲ ಹಾಳೆಯಲ್ಲಿ ಹುಡುಕಿ ಹೆಸರು ತಂದು ಕೂರಿಸುತ್ತದೆ. ಒಬ್ಬರೇ ಎರಡು ಸಲ ಬರೆಸಿದರೆ ಕೌಂಟಿಫ್ ಎಂಬ ಸೂತ್ರ ತೋರಿಸಿಕೊಡುತ್ತದೆ. ಒಟ್ಟು ಎಷ್ಟು ಜನ ಬಂದರು ಎಂಬುದು ಹಾಳೆಯ ತಲೆಯಲ್ಲೇ ಕಾಣುವುದರಿಂದ ಕೋರಂ ಆಯಿತೋ ಇಲ್ಲವೋ ಅಂತ ತಲೆ ಎಣಿಸಿ ಜಗಳಾಡುವುದು ತಪ್ಪಿತು.

ಆದರೆ ಯಂತ್ರ ತಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ನಾವು ಎರಡು ತಪ್ಪು ಮಾಡಿದೆವು.

ಮೊದಲನೆಯದು, ಬಂದ ವೇಳೆ ತಾನಾಗಿ ಬೀಳಲಿ ಅಂತ ಪ್ರತಿ ಸಾಲಿಗೂ ನೌ ಎಂಬ ಸೂತ್ರ ಹಾಕಿದ್ದು. ಅದು ಆ ಹೊತ್ತಿನ ಗಡಿಯಾರ ತೋರಿಸುತ್ತದೆಯೇ ಹೊರತು ಬಂದ ಹೊತ್ತನ್ನು ಹಿಡಿದಿಡುವುದಿಲ್ಲ. ಮರುದಿನ ತೆಗೆದು ನೋಡಿದರೆ ಎಲ್ಲರೂ ಮರುದಿನವೇ ಬಂದ ಹಾಗಿತ್ತು! ಈಗ ಕಂಟ್ರೋಲ್, ಶಿಫ್ಟ್, ಸೆಮಿಕೋಲನ್ ಗುಂಡಿಗಳನ್ನು ಒಟ್ಟಿಗೆ ಒತ್ತುತ್ತೇವೆ. ಆಗ ಬಿದ್ದ ವೇಳೆ ಮತ್ತೆ ಬದಲಾಗುವುದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ತೀರಿಕೊಂಡ ಸದಸ್ಯರೊಬ್ಬರ ಸಂಖ್ಯೆಯನ್ನು ಪಟ್ಟಿಯಿಂದ ತೆಗೆದಿದ್ದೆವು. ಅವರ ಮಗ ಅದೇ ಸಂಖ್ಯೆ ಹೇಳಿದ. ಯಂತ್ರ ಸುಮ್ಮನಿರದೆ ಹಿಂದಿನ ಸಂಖ್ಯೆಯವರ ಹೆಸರು ತೋರಿಸಿತು. ಆ ಮನುಷ್ಯ ಆಗ ಹೊಲದಲ್ಲಿದ್ದರು! ಸೂತ್ರದ ಕೊನೆಯಲ್ಲಿ ಫಾಲ್ಸ್ ಎಂಬ ಪದ ಬಿಟ್ಟಿದ್ದೆವು. ಆ ಪದ ಇಲ್ಲದಿದ್ದರೆ ಕೇಳಿದ ಸಂಖ್ಯೆ ಸಿಗದಾಗ ಅದಕ್ಕಿಂತ ಕೆಳಗಿನ ಹತ್ತಿರದ ಸಂಖ್ಯೆಯನ್ನು ಯಂತ್ರ ಹಿಡಿಯುತ್ತದೆ. ಸರಿಪಡಿಸಿದ ಮೇಲೆ ಪಟ್ಟಿಯಲ್ಲಿಲ್ಲದ ಸಂಖ್ಯೆಗೆ "ಕಚೇರಿಯಲ್ಲಿ ವಿಚಾರಿಸಿ" ಅಂತ ಬರುತ್ತದೆ.

ಅಜ್ಜಿಗೆ ಗೈರು ಬರೆದದ್ದು ಕಾಗದ, ಹೊಲದಲ್ಲಿದ್ದವರಿಗೆ ಹಾಜರಿ ಕೊಟ್ಟದ್ದು ಯಂತ್ರ. ಎರಡರ ಹಿಂದೆಯೂ ಇದ್ದವರು ನಾವೇ. ಅದಕ್ಕೇ ಸಹಿ ಪುಸ್ತಕವನ್ನು ನಾವು ಬಿಟ್ಟಿಲ್ಲ. ಪರದೆಯ ಮೇಲೆ ಬಂದ ಹೆಸರನ್ನು ಗಟ್ಟಿಯಾಗಿ ಓದಿ ಹೇಳುತ್ತೇವೆ. ಸದಸ್ಯರು ಹೌದೆಂದ ಮೇಲೆ ಸಂಖ್ಯೆ ಬರೆದು ಸಹಿಯೋ ಹೆಬ್ಬೆಟ್ಟೋ ಪಡೆಯುತ್ತೇವೆ. ಸಭೆ ಮುಗಿದ ಸಂಜೆಯೇ ಎರಡನ್ನೂ ತಾಳೆ ನೋಡಿ, ಪಟ್ಟಿಯನ್ನು ಮುದ್ರಿಸಿ ಸೂಚನಾ ಫಲಕಕ್ಕೆ ಅಂಟಿಸುತ್ತೇವೆ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟೇ. ತಮ್ಮ ಸದಸ್ಯತ್ವ ಸಂಖ್ಯೆ ತಿಳಿದುಕೊಳ್ಳಿ. ಮನೆಯ ಹಿರಿಯರು ತೀರಿಕೊಂಡಿದ್ದರೆ ಷೇರು ವರ್ಗಾವಣೆಗೆ ಅರ್ಜಿ ಕೊಡಿ. ಫಲಕದಲ್ಲಿ ತಮ್ಮ ಹೆಸರನ್ನು ತಾವೇ ನೋಡಿ, ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಿ. ತಪ್ಪಿದ್ದರೆ ಅಂದೇ ತಿಳಿಸಿ, ಚುನಾವಣೆ ಬರುವ ತನಕ ಕಾಯಬೇಡಿ.

ಆ ಅಜ್ಜಿ ಇವತ್ತೂ ಮುಂದಿನ ಸಾಲಲ್ಲೇ ಕೂತಿದ್ದಾರೆ. ಅವರ ಹಾಜರಾತಿ ಸರಿಯಾಗಿ ಬಿದ್ದಿದೆ, ನಾವೇ ನೋಡಿ ಬಂದಿದ್ದೇವೆ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.